ಟ್ಯಾಗ್ ಮಾಡಿದ್ದು ನಾನು, ಕತ್ತಲಾಗಿದ್ದು ಪಕ್ಕದ ಬೀದಿ

ರಾತ್ರಿ ಎಂಟು ಮುಕ್ಕಾಲಿಗೆ ಬಸ್ಸಿಳಿದರೆ ನಮ್ಮ ಮನೆಗೆ ಆರು ನಿಮಿಷದ ನಡಿಗೆ. ಡಿಗ್ರಿ ಮುಗಿಸಿ, ಸಂಜೆ ಹೊತ್ತು ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಓಡಾಡುವ ನನ್ನಂಥವಳಿಗೆ ಅದೇನು ದೊಡ್ಡ ದೂರವಲ್ಲ. ಆದರೆ ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಕ್ರಾಸಿನ ತಿರುವಿನ ಬೀದಿದೀಪ ಕೆಟ್ಟಿತು ನೋಡಿ, ಆ ಆರು ನಿಮಿಷವೇ ಅರ್ಧ ಗಂಟೆಯಂತೆ ಅನಿಸತೊಡಗಿತು. ಒಂದು ಕಡೆ ಪಾರ್ಥೇನಿಯಂ ಬೆಳೆದ ಖಾಲಿ ಸೈಟು, ಇನ್ನೊಂದು ಕಡೆ ಅರ್ಧ ಕಟ್ಟಿ ನಿಲ್ಲಿಸಿದ ಮನೆ, ನಡುವೆ ನಾಯಿಗಳ ದಂಡು. ಅಮ್ಮ ಮೊಬೈಲ್ ಟಾರ್ಚ್ ಹಿಡಿದು ತಿರುವಿಗೆ ಬಂದು ನಿಲ್ಲತೊಡಗಿದಳು. ಮಂಡಿ ನೋವಿನ ಹೆಂಗಸು, ಮಳೆಯಲ್ಲಿ ಕೊಡೆ ಒಂದು ಕೈಲಿ, ಫೋನು ಇನ್ನೊಂದು ಕೈಲಿ. ‘ನಾಳೆಯಿಂದ ಕೋಚಿಂಗೂ ಬೇಡ, ಏನೂ ಬೇಡ. ಮನೇಲೇ ಕೂತು ಓದ್ಕೊ ಕಣೆ’ ಎಂದು ಹತ್ತನೇ ದಿನ ಅಂದಳು.

ಆ ರಾತ್ರಿ ನಾನು ಕತ್ತಲ ತಿರುವಿನ ಫೋಟೊ ತೆಗೆದೆ. ನಮ್ಮ ಜನಪ್ರತಿನಿಧಿಯ ಖಾತೆಯನ್ನು ಟ್ಯಾಗ್ ಮಾಡಿ ಎರಡು ಸಾಲು ಬರೆದೆ. ಬರೆದಿದ್ದು ಕನ್ನಡದಲ್ಲೇ. ‘ಸರ್, ನಿಮ್ಮ ಹುಟ್ಟುಹಬ್ಬದ ಫ್ಲೆಕ್ಸಿಗೆ ಹಾಕಿದ ಲೈಟಿನಲ್ಲಿ ಒಂದನ್ನು ನಮ್ಮ ಕಂಬಕ್ಕೆ ಹಾಕಿಸುತ್ತೀರಾ?’ ಸ್ವಲ್ಪ ಜಾಸ್ತಿಯೇ ಆಯಿತು ಅಂತ ಗೊತ್ತು. ಆದರೆ ಹಾಗೆ ಬರೆದಿದ್ದಕ್ಕೇ ಜನ ಓದಿದ್ದು. ಬೆಳಿಗ್ಗೆ ಏಳುವಷ್ಟರಲ್ಲಿ 412 ಲೈಕು. ಹತ್ತು ಗಂಟೆಗೆ ಉತ್ತರ ಬಂತು: ‘ನಿಮ್ಮ ಅಹವಾಲನ್ನು ಗಮನಿಸಲಾಗಿದೆ. ದಯವಿಟ್ಟು ಮೊಬೈಲ್ ಸಂಖ್ಯೆಯನ್ನು ಮೆಸೇಜ್ ಮಾಡಿ.’ ಮೂರನೇ ದಿನ ಸಂಜೆ ಏಣಿ ಹೊತ್ತ ಗಾಡಿ ಬಂತು. ಲೈನ್‌ಮ್ಯಾನ್ ದೀಪ ಹಾಕಿದರು, ಕೆಳಗೆ ನಿಂತವರು ಫೋಟೊ ತೆಗೆದರು, ಅರ್ಧ ಗಂಟೆಯಲ್ಲಿ ‘ಸಮಸ್ಯೆ ಬಗೆಹರಿದಿದೆ’ ಎಂಬ ಪೋಸ್ಟು ಬಂತು. ಅಮ್ಮ ಅದನ್ನು ನೆಂಟರ ಗುಂಪುಗಳಿಗೆಲ್ಲ ಕಳಿಸಿದಳು. ನನಗಂತೂ ಐಎಎಸ್ ಪಾಸಾದಷ್ಟು ಖುಷಿ.

ನಮ್ಮ ಬಡಾವಣೆ ಉತ್ತರ ಬೆಂಗಳೂರಿನಲ್ಲಿದೆ. ಯಾವ ಕ್ಷೇತ್ರ, ಯಾವ ವಾರ್ಡು ಅಂತ ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ.

ನಾಲ್ಕೈದು ದಿನದ ಮೇಲೆ ಹಿಂದಿನ ಬೀದಿಯ ಇಸ್ತ್ರಿ ಅಂಗಡಿಗೆ ಬಟ್ಟೆ ಕೊಡಲು ಹೋದೆ. ಅಂಗಡಿ ಅಂದರೆ ತಗಡಿನ ಸೂರು, ಒಂದು ಮೇಜು, ಇದ್ದಿಲ ಪೆಟ್ಟಿಗೆ. ಅಕ್ಕ ರಾತ್ರಿ ಒಂಬತ್ತರವರೆಗೆ ಅಲ್ಲೇ ನಿಂತು ಇಸ್ತ್ರಿ ಮಾಡುವವರು. ಅಂದು ಏಳಕ್ಕೇ ಸಾಮಾನು ಎತ್ತಿಡುತ್ತಿದ್ದರು. ‘ಯಾಕಕ್ಕಾ ಇಷ್ಟು ಬೇಗ?’ ಅಂದೆ. ಅವರು ಮೇಲೆ ಕೈ ತೋರಿಸಿದರು. ಕಂಬದ ತುದಿಯಲ್ಲಿ ದೀಪವೇ ಇರಲಿಲ್ಲ. ಬರೀ ವೈರು ಜೋತಾಡುತ್ತಿತ್ತು. ‘ಹೋದ ವಾರ ಬಿಚ್ಕೊಂಡು ಹೋದ್ರು ಪುಟ್ಟಿ. ಕೇಳಿದ್ರೆ ಹೊಸದು ಹಾಕ್ತೀವಿ ಅಂದ್ರು.’

ನನಗೆ ಅಲ್ಲೇ ಅನುಮಾನ ಬಂತು. ಮರುವಾರ ಅದೇ ಲೈನ್‌ಮ್ಯಾನ್ ಮುಖ್ಯರಸ್ತೆಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. ಆತ ಸುಳ್ಳು ಹೇಳಲಿಲ್ಲ. ‘ಏನ್ ಮಾಡೋದು ಮೇಡಂ, ಸ್ಟಾಕ್ ಇರ್ಲಿಲ್ಲ. ಮೂರು ದಿನದಲ್ಲಿ ಫೋಟೊ ಬೇಕು ಅಂತ ಮೇಲಿಂದ ಮೇಲೆ ಫೋನು. ಆ ಬೀದಿಯವ್ರು ಯಾರೂ ಕೇಳ್ತಿರ್ಲಿಲ್ವಲ್ಲ, ಅಲ್ಲಿಂದ ಬಿಚ್ಚಿ ನಿಮ್ಮಲ್ಲಿ ಹಾಕ್ದೆ.’

ಬೇಡ ಅಂದವರು, ಬೇಕು ಅಂದವರು

ಜಾಲತಾಣದಿಂದ ಏನೂ ಆಗುವುದಿಲ್ಲ ಎಂದು ಹೇಳಲು ನಾನು ಹೊರಟಿಲ್ಲ. ಉತ್ತರ ಬೆಂಗಳೂರಿನವರಾದ ನಾವು ಹಾಗೆ ಹೇಳುವಂತೆಯೂ ಇಲ್ಲ. ಇಡೀ ನಗರದಲ್ಲಿ ಹ್ಯಾಶ್‌ಟ್ಯಾಗಿನ ಶಕ್ತಿ ಏನೆಂದು ಮೊದಲು ಗೊತ್ತಾಗಿದ್ದೇ ನಮ್ಮ ರಸ್ತೆಯಲ್ಲಿ.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೊಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಬಲಿಯಾಗಬೇಕಿದ್ದ ಮರಗಳು 812. ಸಾರ್ವಜನಿಕರ ಅಭಿಪ್ರಾಯ ಕೇಳಿದ್ದೇವೆ ಎಂದು ಬಿಡಿಎ ಹೇಳಿತು. ಹೌದು, ಕೇಳಿತ್ತು. ಬಂದದ್ದು 299 ಇಮೇಲ್. ಅದರಲ್ಲಿ ಶೇ 73ರಷ್ಟು ಜನ ಬೇಕು ಅಂದಿದ್ದಾರೆ ಎಂಬುದೇ ಸಮರ್ಥನೆ! ಒಂದು ಕೋಟಿ ದಾಟಿದ ಊರಿಗೆ ಮುನ್ನೂರು ಇಮೇಲ್ ಕೂಡ ಇರಲಿಲ್ಲ. ನಮ್ಮ ಕಾಲೇಜಿನ ಫೆಸ್ಟಿಗೆ ಹೆಸರು ಕೊಡುವವರೇ ಅದಕ್ಕಿಂತ ಜಾಸ್ತಿ.

ಆಮೇಲೆ ನಡೆದಿದ್ದು ಹಲವರಿಗೆ ನೆನಪಿರಬಹುದು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಶ್‌ಟ್ಯಾಗ್ ಹಬ್ಬಿತು. ಅಕ್ಟೋಬರ್ 16, 2016ರ ಭಾನುವಾರ ಸಾವಿರಾರು ಜನ ಆ ರಸ್ತೆಯ ಉದ್ದಕ್ಕೂ ಮಾನವ ಸರಪಳಿ ಮಾಡಿ ನಿಂತರು. ನಾನಾಗ ಎಂಟನೇ ಕ್ಲಾಸು. ಅಪ್ಪನ ಸ್ಕೂಟರಿನ ಹಿಂದೆ ಕೂತು ಮೇಖ್ರಿ ವೃತ್ತದ ಹತ್ತಿರ ಅವರನ್ನು ನೋಡಿದ್ದೆ. ಅಜ್ಜಂದಿರು, ಐಟಿಯವರು, ಕೈಯಲ್ಲಿ ರಟ್ಟಿನ ಫಲಕ ಹಿಡಿದ ನನ್ನ ವಯಸ್ಸಿನ ಮಕ್ಕಳು. ಘೋಷಣೆಯ ಅಬ್ಬರ ಇರಲಿಲ್ಲ, ಕಲ್ಲು ತೂರಾಟ ಇರಲಿಲ್ಲ. ‘ಇದೇನ್ ಪ್ರತಿಭಟನೇನಾ, ಪಿಕ್ನಿಕ್ಕಾ?’ ಅಂತ ಅಪ್ಪ ನಕ್ಕಿದ್ದರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. ಮಾರ್ಚ್ 2, 2017ರಂದು ಅಂದಿನ ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟಿದ್ದಾಗಿ ಪ್ರಕಟಿಸಿದರು. 2019ರ ಆರಂಭದಲ್ಲಿ ಮತ್ತೆ ಅದರ ಮಾತೆದ್ದಾಗ ಹಳೆಯ ಹ್ಯಾಶ್‌ಟ್ಯಾಗೂ ಮತ್ತೆ ಎದ್ದು ಕೂತಿತು.

ಇಲ್ಲಿ ಎರಡು ಮಾತು ಸೇರಿಸಬೇಕು. ಒಂದು, ಗೆದ್ದಿದ್ದು ಬರೀ ಹ್ಯಾಶ್‌ಟ್ಯಾಗ್ ಅಲ್ಲ. ಫೋನಿನಿಂದ ಎದ್ದು ರಸ್ತೆಗೆ ಬಂದವರಿದ್ದರು, ನ್ಯಾಯಮಂಡಳಿಗೆ ಅರ್ಜಿ ಹಾಕಿದವರಿದ್ದರು, ವಿರೋಧ ಪಕ್ಷಗಳ ಭ್ರಷ್ಟಾಚಾರದ ಆರೋಪವೂ ಸೇರಿಕೊಂಡಿತ್ತು. ಎರಡು, ‘ಬೇಕು’ ಅಂದವರೂ ಇದ್ದರು. ದಿನಾ ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ ನಿಂತು ಹೋಗುವವನಿಗೆ ಹೆಬ್ಬಾಳದ ಜಾಮ್ ಅಂದರೆ ಅರ್ಧ ದಿನದ ಸಂಬಳದ ಪ್ರಶ್ನೆ. ಅವನ ದನಿ ಟ್ವಿಟರಿನಲ್ಲಿ ಅಷ್ಟು ಕೇಳಿಸಲಿಲ್ಲ. ಮೇಲ್ಸೇತುವೆ ಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಕಾರಿಗೆ ಸೇತುವೆ ಕಟ್ಟಿದರೆ ಬಸ್ಸಿನವನಿಗೆ ಎಷ್ಟು ಲಾಭ ಅನ್ನುವುದು ಬೇರೆಯೇ ವಾದ. ಆದರೂ ಆ ರಸ್ತೆಯಲ್ಲಿ ಹೆಚ್ಚು ಹೊತ್ತು ಕಳೆಯುವವರಿಗೂ, ಆ ರಸ್ತೆಯ ಬಗ್ಗೆ ಹೆಚ್ಚು ಪೋಸ್ಟ್ ಮಾಡುವವರಿಗೂ ಅಂತರವಿತ್ತು ಎನ್ನುವುದು ಮಾತ್ರ ನಿಜ.

ಫೋನಿನ ಆ ಕಡೆ ಯಾರಿದ್ದಾರೆ?

ನನಗೆ ಉತ್ತರ ಕೊಟ್ಟಿದ್ದು ಯಾರು? ಸ್ವತಃ ಸಾಹೇಬರೇ ಅಂತ ಅಮ್ಮ ಇವತ್ತಿಗೂ ನಂಬಿದ್ದಾಳೆ. ನಮ್ಮ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಸೀನಿಯರ್ ಆಗಿದ್ದ ಒಬ್ಬ ಅಣ್ಣ ಹತ್ತು ತಿಂಗಳು ಒಬ್ಬ ರಾಜಕಾರಣಿಯ ಸೋಷಿಯಲ್ ಮೀಡಿಯಾ ತಂಡದಲ್ಲಿ ಕೆಲಸ ಮಾಡಿದ್ದ. (ಕೆಲಸ ಹುಡುಕುತ್ತಿರುವವರು ಗಮನಿಸಿ: ಪತ್ರಿಕೋದ್ಯಮ, ಬಿಕಾಂ, ಬಿಎ ಮಾಡಿದ ನಮ್ಮಂಥ ಎಷ್ಟೋ ಜನ ಈಗ ಇದೇ ಕೆಲಸದಲ್ಲಿದ್ದಾರೆ. ಚುನಾವಣೆ ಹತ್ತಿರ ಬಂದರೆ ಡಿಮ್ಯಾಂಡು, ಮುಗಿದ ಮರುದಿನ ‘ನೋಡೋಣ, ಹೇಳ್ತೀವಿ.’) ನನ್ನ ಕಥೆ ಕೇಳಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

ಅವರದ್ದು ಮೂವರ ತಂಡ. ಒಬ್ಬ ರೀಲ್ಸಿಗೆ, ಒಬ್ಬಳು ಹಬ್ಬದ ಶುಭಾಶಯ ಮತ್ತು ಜಯಂತಿ ಪೋಸ್ಟರಿಗೆ, ಇವನು ಉತ್ತರ ಕೊಡುವುದಕ್ಕೆ. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಬಂದದ್ದನ್ನೆಲ್ಲ ಮೂರು ಭಾಗ ಮಾಡುವುದು: ಹೊಗಳಿಕೆ, ಬೈಗುಳ, ಅಹವಾಲು. ಹೊಗಳಿಕೆಗೆ ಕೈಮುಗಿಯುವ ಎಮೋಜಿ. ಬೈಗುಳಕ್ಕೆ ಮೌನ, ತೀರಾ ಅತಿಯಾದರೆ ಬ್ಲಾಕ್. ಅಹವಾಲಿನ ಸ್ಕ್ರೀನ್‌ಶಾಟ್ ಒಂದು ವಾಟ್ಸ್‌ಆ್ಯಪ್ ಗುಂಪಿಗೆ. ಆ ಗುಂಪಿನಲ್ಲಿ ಸಾಹೇಬರ ಪಿಎ, ಎಂಜಿನಿಯರುಗಳು, ಕಸದವರು, ನೀರಿನವರು ಎಲ್ಲರೂ ಇರುತ್ತಾರೆ. ಪಿಎ ಒಂದು ಹೆಬ್ಬೆರಳು ಒತ್ತಿದರೆ ಕೆಲಸ ಓಡುತ್ತದೆ, ಒತ್ತದಿದ್ದರೆ ಅಲ್ಲೇ ಕೆಳಗೆ ಹೋಗುತ್ತದೆ.

‘ಯಾವುದನ್ನ ಮೊದಲು ಕಳಿಸ್ತಿದ್ದೆ ಅಣ್ಣ?’ ಅಂತ ಕೇಳಿದೆ.

‘ಜಾಸ್ತಿ ಓಡ್ತಾ ಇರೋದನ್ನ. ಇನ್ನೇನು? ಫಾಲೋವರ್ಸ್ ಇದ್ದೋರು, ಪತ್ರಕರ್ತರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನೋರು. ಕೆಲಸ ಆದ್ಮೇಲೆ ಮುಂಚೆ ಹೀಗಿತ್ತು, ಈಗ ಹೀಗಾಯ್ತು ಅಂತ ಎರಡು ಫೋಟೊ. ಅದು ಬಂದ್ರೆ ಆ ಸಾಲು ಹಸಿರು.’

ಮೊಬೈಲ್ ನಂಬರ್ ಯಾಕೆ ಕೇಳುತ್ತಾರೆ ಎಂಬುದಕ್ಕೂ ಉತ್ತರ ಸಿಕ್ಕಿತು. ಲೈನ್‌ಮ್ಯಾನ್ ಕರೆ ಮಾಡಲಿ ಅಂತ ಮೊದಲ ಕಾರಣ. ನೀವು ಆ ಕ್ಷೇತ್ರದ ಮತದಾರರೋ ಅಲ್ಲವೋ ನೋಡಲು ಎರಡನೆಯದು. ಆ ನಂಬರು ಅಲ್ಲೇ ಉಳಿಯುತ್ತದೆ. ಯುಗಾದಿಗೆ, ದೀಪಾವಳಿಗೆ, ಆಮೇಲೆ ಚುನಾವಣೆಗೆ ನಿಮಗೆ ಮೆಸೇಜ್ ಬರುತ್ತದೆ. ನನಗೂ ಬರುತ್ತಿದೆ.

ಆದರೆ ಅಣ್ಣ ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗಿಲ್ಲ. ಅವರ ಕ್ಷೇತ್ರದಲ್ಲಿ ಕಟ್ಟಡ ಕಾರ್ಮಿಕರ ಶೆಡ್ಡುಗಳಿದ್ದ ಒಂದು ಭಾಗವಿತ್ತಂತೆ. ಹತ್ತು ತಿಂಗಳಲ್ಲಿ ಅಲ್ಲಿಂದ ಒಂದೇ ಒಂದು ಟ್ಯಾಗ್ ಬರಲಿಲ್ಲ. ‘ಆ ಕಡೆ ಪ್ರಾಬ್ಲಮ್ಮೇ ಇಲ್ಲ ಅಂತ ನಾವು ಶೀಟಲ್ಲಿ ಸೊನ್ನೆ ಹಾಕ್ತಿದ್ವಿ ಕಣೆ. ಒಂದಿನ ಪಿಎ ಜೊತೆ ಹೋದಾಗ ನೋಡಿದ್ರೆ, ಅಲ್ಲಿ ರಸ್ತೇನೇ ಇಲ್ಲ.’

ಸಾಹೇಬರ ಬಗ್ಗೆ ಅವನಿಗೆ ದ್ವೇಷವೇನೂ ಇಲ್ಲ. ರಾತ್ರಿ ಹನ್ನೊಂದಕ್ಕೆ ತಾವೇ ಫೋನ್ ತೆಗೆದು ಕಾಮೆಂಟುಗಳನ್ನು ಓದುತ್ತಿದ್ದರಂತೆ. ಕೆಲವಕ್ಕೆ ತಾವೇ ಕರೆ ಮಾಡಿ ಮಾತಾಡುತ್ತಿದ್ದರಂತೆ. ಓದುವುದೂ ಒಂದು ಚಟವಾಗಿ, ಬೈಗುಳ ಕಂಡ ದಿನ ನಿದ್ದೆ ಬರದೆ ಬೆಳಿಗ್ಗೆ ತಂಡದ ಮೇಲೆ ರೇಗುತ್ತಿದ್ದರಂತೆ. ಪಾಪ, ಅದೂ ಒಂದು ಕಷ್ಟವೇ.

ಕೇಳುವ ಕಿವಿ ಎಲ್ಲಿ ಹೋಗಿತ್ತು?

ನಮ್ಮ ಅಪ್ಪ ಮಾತ್ರ ಇದನ್ನೆಲ್ಲ ಒಪ್ಪುವುದಿಲ್ಲ. ‘ನಮ್ ಕಾಲದಲ್ಲಿ ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಂತ್ಕೊಂಡ್ರೆ ಆಗೋದು’ ಅನ್ನುತ್ತಾರೆ. ಅದರಲ್ಲಿ ಸತ್ಯವಿದೆ. ಬಿಬಿಎಂಪಿಯ 198 ವಾರ್ಡುಗಳಿಗೆ ಕೊನೆಯ ಚುನಾವಣೆ ನಡೆದಿದ್ದು 2015ರ ಆಗಸ್ಟಿನಲ್ಲಿ. ಆ ಕೌನ್ಸಿಲಿನ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಆಮೇಲೆ ಐದು ವರ್ಷ ಈ ನಗರಕ್ಕೆ ಕಾರ್ಪೊರೇಟರುಗಳೇ ಇರಲಿಲ್ಲ. ಕೋವಿಡ್ಡಿನ ಎರಡನೇ ಅಲೆಯಲ್ಲಿ ಇರಲಿಲ್ಲ. 2021ರ ನವೆಂಬರಿನಲ್ಲಿ ಕೆರೆ ಕೋಡಿ ಹರಿದು ಯಲಹಂಕದ ಕೇಂದ್ರೀಯ ವಿಹಾರದೊಳಗೆ ದೋಣಿ ಬಿಟ್ಟಾಗಲೂ ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ಅದೇ ಕಡೆ ಮತ್ತೆ ದೋಣಿ ಬಂದಾಗಲೂ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆ ಬಂದವು, ನಮ್ಮದು ‘ಉತ್ತರ’ ಆಯಿತು. ಅದೂ ಶುರುವಾಗಿದ್ದು ಆಡಳಿತಾಧಿಕಾರಿಗಳಿಂದಲೇ.

ಹೀಗಿರುವಾಗ ಬೀದಿದೀಪಕ್ಕೆ ಶಾಸಕರನ್ನು, ಮಂತ್ರಿಯನ್ನು ಟ್ಯಾಗ್ ಮಾಡದೆ ಇನ್ನೇನು ಮಾಡುವುದು? ವಿಧಾನಸಭೆಯಲ್ಲಿ ಕಾನೂನು ಮಾಡಬೇಕಾದವರು ಬಲ್ಬಿನ ಲೆಕ್ಕ ನೋಡುವಂತಾಗಿದ್ದು ಟ್ವಿಟರಿನಿಂದಲ್ಲ, ಕೆಳಗಿನ ಮೆಟ್ಟಿಲು ಖಾಲಿ ಬಿದ್ದಿದ್ದರಿಂದ.

ಇನ್ನು ಯಾರನ್ನು ಟ್ಯಾಗ್ ಮಾಡುವುದು ಎಂಬುದೇ ಒಂದು ಪರೀಕ್ಷೆ. ಹೆಬ್ಬಾಳ ಜಂಕ್ಷನ್ನಿನಲ್ಲಿ ಒಮ್ಮೆ ನಿಂತು ನೋಡಿ. ಮೇಲ್ಸೇತುವೆ ಬಿಡಿಎ ಕಟ್ಟಿದ್ದು. ವಿಮಾನ ನಿಲ್ದಾಣದ ಕಡೆ ಹೋಗುವ ಎತ್ತರದ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಪಕ್ಕದಲ್ಲಿ ಮೆಟ್ರೊ ಕಂಬ ಬಿಎಂಆರ್‌ಸಿಎಲ್‌ನದು. ಬಸ್ಸು ಬಿಎಂಟಿಸಿಯದು, ಸಿಗ್ನಲ್ಲು ಸಂಚಾರ ಪೊಲೀಸರದು, ರೈಲು ಹಳಿ ರೈಲ್ವೆಯದು. ಅಲ್ಲಿ ಒಂದು ಗುಂಡಿ ಬಿದ್ದರೆ ಅದು ಯಾರ ಗುಂಡಿ? ಐದು ಖಾತೆಗಳನ್ನು ಟ್ಯಾಗ್ ಮಾಡಿದರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಬೇಗನೆ ಬರುತ್ತದೆ. ಗುಂಡಿಗೆ ವ್ಯಾಪ್ತಿ ಗೊತ್ತಿಲ್ಲವಲ್ಲ, ಅದು ಅಲ್ಲೇ ಇರುತ್ತದೆ.

ರೈಲ್ವೆ ಅಂದಾಗ ನೆನಪಾಯಿತು. ನಮ್ಮ ಬೆಂಗಳೂರು ಉತ್ತರದ ಸಂಸದರಾಗಿದ್ದ ಡಿ.ವಿ. ಸದಾನಂದಗೌಡರು 2014ರಲ್ಲಿ ಕೆಲವು ತಿಂಗಳು ರೈಲ್ವೆ ಮಂತ್ರಿಯಾಗಿದ್ದರು. ಅವರ ನಂತರ ಬಂದ ಸುರೇಶ್ ಪ್ರಭು ಕಾಲದಲ್ಲಿ ಟ್ವಿಟರ್ ದೂರಿಗೆ ಓಡುವ ರೈಲಿನಲ್ಲೇ ಸ್ಪಂದಿಸುವುದು ದೇಶದಲ್ಲೆಲ್ಲ ಸುದ್ದಿಯಾಯಿತು. ಮಗುವಿಗೆ ಹಾಲು, ಕಾಯಿಲೆಯವರಿಗೆ ಡಾಕ್ಟರ್. ಅದು ನಡೆದಿದ್ದು ಮಂತ್ರಿಯೊಬ್ಬರ ಉತ್ಸಾಹದಿಂದ ಮಾತ್ರವಲ್ಲ. ಕೆಳಗೆ ಒಂದೇ ಇಲಾಖೆ, ಪ್ರತಿ ನಿಲ್ದಾಣದಲ್ಲೂ ಹೊಣೆ ಹೊತ್ತ ಒಬ್ಬ ಮನುಷ್ಯ ಇದ್ದ. ಯಶವಂತಪುರದಲ್ಲಿ ಹೇಳಿದ್ದು ತುಮಕೂರಿನಲ್ಲಿ ತಲುಪುತ್ತಿತ್ತು. ಬೆಂಗಳೂರಿನ ರಸ್ತೆಗೆ ಅಂಥ ಸ್ಟೇಷನ್ ಮಾಸ್ಟರ್ ಯಾರು?

ಸರ್ಕಾರ ಕೇಳುವುದೇ ಇಲ್ಲ ಅಂತ ಹೇಳಿದರೂ ತಪ್ಪಾಗುತ್ತದೆ. 2023ರಲ್ಲಿ ‘ಬ್ರ್ಯಾಂಡ್ ಬೆಂಗಳೂರು’ ಹೆಸರಿನಲ್ಲಿ ಸಲಹೆ ಕೇಳಿದಾಗ 70 ಸಾವಿರಕ್ಕೂ ಹೆಚ್ಚು ಬಂದವು. 299 ಇಮೇಲ್ ಎಲ್ಲಿ, 70 ಸಾವಿರ ಎಲ್ಲಿ! ನಾನೂ ಒಂದು ಕಳಿಸಿದ್ದೆ, ಬಸ್ ನಿಲ್ದಾಣಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು ಅಂತ. ಅದು ಯಾವ ಕಡತದಲ್ಲಿ ಮಲಗಿದೆಯೋ. 2025ರ ಅಕ್ಟೋಬರಿನಲ್ಲಿ ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ‘ಬೆಂಗಳೂರು ನಡಿಗೆ’ ಎಂದು ಪಾರ್ಕುಗಳಿಗೇ ಬಂದು ಜನರ ಮಾತು ಕೇಳಿದರು. ಲಾಲ್‌ಬಾಗಿನ ಮರುದಿನ ನಮ್ಮ ಮತ್ತಿಕೆರೆಯ ಜೆ.ಪಿ. ಪಾರ್ಕ್. ಅಲ್ಲಿ ಜನ ಏನೇನು ಕೇಳಿದರು ಅಂತ ನಿಮಗೆ ನೆನಪಿದೆಯೇ? ನನಗೂ ಇಲ್ಲ. ಅಂದು ಫೋನಿನಲ್ಲಿ ಓಡಿದ್ದು ಆ ಭಾಗದ ಶಾಸಕರಿಗೂ ಉಪ ಮುಖ್ಯಮಂತ್ರಿಗೂ ಆದ ಜಟಾಪಟಿಯ ವಿಡಿಯೊ. ಸಾಲಿನಲ್ಲಿ ನಿಂತು ಮೈಕಿನಲ್ಲಿ ಕಸದ ಬಗ್ಗೆ ಹೇಳಿದವರ ವಿಡಿಯೊ ಯಾರಿಗೆ ಬೇಕು?

ಆದರೆ ಜನರ ಕಣ್ಣು ಎಷ್ಟು ಚುರುಕು ಎಂಬುದಕ್ಕೂ ನಮ್ಮ ಹೆಬ್ಬಾಳವೇ ಸಾಕ್ಷಿ. 2025ರ ಆಗಸ್ಟಿನಲ್ಲಿ ಹೆಬ್ಬಾಳದ ಹೊಸ ಲೂಪ್ ಪರಿಶೀಲನೆಗೆ ಉಪ ಮುಖ್ಯಮಂತ್ರಿಗಳು ಸ್ಕೂಟರ್ ಓಡಿಸಿಕೊಂಡು ಬಂದರು. ವಿಡಿಯೊ ಚೆನ್ನಾಗಿಯೇ ಓಡಿತು. ಅಷ್ಟರಲ್ಲಿ ಯಾರೋ ನಂಬರ್ ಪ್ಲೇಟ್ ನೋಡಿ ಲೆಕ್ಕ ತೆಗೆದರು. ಆ ಸ್ಕೂಟರಿನ ಮೇಲೆ 34 ಸಂಚಾರ ನಿಯಮ ಉಲ್ಲಂಘನೆ, 18,500 ರೂಪಾಯಿ ದಂಡ ಬಾಕಿ! ಗಾಡಿ ಅವರದ್ದಲ್ಲ, ಬೇರೆಯವರದ್ದು. ದಂಡ ಮಾತ್ರ ಕೂಡಲೇ ಕಟ್ಟಿದರು. ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಒಂದು ವಾರ ಇದೇ ಮಾತು.

ಬೈದರೆ ಏನಾಗುತ್ತೆ?

‘ದೊಡ್ಡೋರ ತಂಟೆಗೆ ಹೋಗ್ಬೇಡ, ನಾಳೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಇರುತ್ತೆ’ ಎಂದು ಅಪ್ಪ ಹೆದರಿಸುತ್ತಾರೆ. ಸರ್ಕಾರಿ ಕೆಲಸಕ್ಕೆ ಓದುತ್ತಿರುವ ಪ್ರತಿ ಮನೆಯಲ್ಲೂ ಈ ಮಾತಿದೆ ಅಂತ ನನಗೆ ಗೊತ್ತು. ಪೋಸ್ಟ್ ಒಂದಕ್ಕೆ ಜೈಲಿಗೆ ಕಳಿಸಬಹುದಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಹಾಗಂತ ಏನು ಬೇಕಾದರೂ ಬರೆಯಬಹುದು ಅಂತಲ್ಲ, ಮಾನಹಾನಿಯ ಕಾನೂನು ಇದ್ದೇ ಇದೆ. ‘ನಮ್ಮ ಬೀದಿಯಲ್ಲಿ ದೀಪವಿಲ್ಲ’ ಎನ್ನುವುದು ಯಾರ ಮಾನಹಾನಿಯೂ ಅಲ್ಲ. ‘ದೀಪದ ದುಡ್ಡು ಇಂಥವರು ತಿಂದರು’ ಅನ್ನುವುದಕ್ಕೆ ನಿಮ್ಮ ಬಳಿ ಕಾಗದ ಇರಬೇಕು.

ಬ್ಲಾಕ್ ಮಾಡುವುದು ಇನ್ನೊಂದು ತಮಾಷೆ. ನನ್ನ ಗೆಳತಿಯೊಬ್ಬಳು ಚರಂಡಿ ಫೋಟೊ ನಾಲ್ಕು ಸಲ ಹಾಕಿ ಬ್ಲಾಕ್ ಆಗಿದ್ದಾಳೆ. ಹೀಗೆ ಜನರನ್ನು ಬ್ಲಾಕ್ ಮಾಡಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮಿಷಿಗನ್ನಿನ ಪೋರ್ಟ್ ಹ್ಯೂರಾನ್ ಎಂಬ ಊರಿನ ಸಿಟಿ ಮ್ಯಾನೇಜರ್ ತನ್ನ ಫೇಸ್‌ಬುಕ್ ಪುಟದಿಂದ ಒಬ್ಬ ನಿವಾಸಿಯನ್ನು ಬ್ಲಾಕ್ ಮಾಡಿದ್ದರು. 2024ರ ಮಾರ್ಚಿನಲ್ಲಿ ಕೋರ್ಟ್ ಒಂದು ಅಳತೆ ಕೊಟ್ಟಿತು: ಆ ಅಧಿಕಾರಿಗೆ ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ಇರಬೇಕು, ಆ ಪೋಸ್ಟಿನಲ್ಲಿ ಅದೇ ಅಧಿಕಾರವನ್ನು ಬಳಸುತ್ತಿರಬೇಕು, ಎರಡೂ ಇದ್ದರೆ ಅದು ಖಾಸಗಿ ಪುಟವಲ್ಲ, ಸರ್ಕಾರದ ಕೆಲಸ. ಹುಟ್ಟುಹಬ್ಬದ ಕೇಕು, ಕಾಮಗಾರಿಯ ಗುದ್ದಲಿ ಪೂಜೆ, ಅಹವಾಲು ಎಲ್ಲವನ್ನೂ ಒಂದೇ ಖಾತೆಯಲ್ಲಿ ನಡೆಸುವ ನಮ್ಮವರಿಗೆ ಈ ಅಳತೆ ಹಿಡಿದರೆ ಏನಾಗುತ್ತದೋ ನೋಡಬೇಕು.

ಹನ್ನೆರಡು ಸಹಿ

ಈಗ ನಮ್ಮ ಹಿಂದಿನ ಬೀದಿಗೆ ಬರೋಣ. ತಪ್ಪು ನನ್ನದು ಅನಿಸಿಬಿಟ್ಟಿತ್ತು. ಅಕ್ಕನ ಬೀದಿಯ ಫೋಟೊ ತೆಗೆದು ಮತ್ತೆ ಪೋಸ್ಟ್ ಮಾಡಿದೆ. ಈ ಸಲ ಫ್ಲೆಕ್ಸಿನ ಜೋಕ್ ಇರಲಿಲ್ಲ, ನಡೆದದ್ದನ್ನು ನಡೆದ ಹಾಗೇ ಬರೆದೆ. 19 ಲೈಕು. ಉತ್ತರ ಬರಲಿಲ್ಲ. ನಾಲ್ಕು ದಿನ ಬಿಟ್ಟು ನೆನಪಿಸಿದೆ, ಬರಲಿಲ್ಲ. ಬಗೆಹರಿದಿದೆ ಎಂದು ಹಸಿರು ಬಳಿದ ಸಾಲನ್ನು ಮತ್ತೆ ಕೆಂಪು ಮಾಡಲು ಯಾರಿಗೆ ಮನಸ್ಸು?

ಅಣ್ಣನನ್ನೇ ಕೇಳಿದೆ. ಅವನು ಹೇಳಿಕೊಟ್ಟಿದ್ದು ಹಳೆಯ ಕಾಲದ ಉಪಾಯ. ‘ಪೋಸ್ಟಿಗೆ ನಂಬರ್ ಇರಲ್ಲ ಕಣೆ. ನಾಳೆ ಡಿಲೀಟ್ ಆದ್ರೆ ಹೋಯ್ತು. ನಂಬರ್ ಬರೋ ಕಡೆ ದೂರು ಕೊಡು.’ ಆಗಲೇ ನಾನು ಇವನ್ನೆಲ್ಲ ಸರಿಯಾಗಿ ತಿಳಿದುಕೊಂಡಿದ್ದು. ಬೀದಿದೀಪ, ಕಸ, ರಸ್ತೆಗೆ ಪಾಲಿಕೆಯ 1533. ಕರೆಂಟಿಗೆ ಬೆಸ್ಕಾಂನ 1912. ನೀರು, ಒಳಚರಂಡಿಗೆ ಜಲಮಂಡಳಿಯ 1916. ರಾಜ್ಯದ ಯಾವುದೇ ಇಲಾಖೆಯ ಮೇಲಾದರೆ ಜನಸ್ಪಂದನದ 1902. ದೂರಿಗೊಂದು ಸಂಖ್ಯೆ ಸಿಗುತ್ತದೆ, ಮುಂದೆ ಯಾರು ಎಲ್ಲಿ ಕೂತು ತಡೆದರು ಅಂತ ಕೇಳಲು ಅದೊಂದು ಹಿಡಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅಲೆದವರಿಗೆ ಸಕಾಲ ಗೊತ್ತಿರುತ್ತದೆ. 2011ರ ಆ ಕಾಯ್ದೆಯಲ್ಲಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ದುಡ್ಡು ಚಿಕ್ಕದು. ಆದರೆ ತಡವಾದದ್ದು ಯಾರಿಂದ ಅಂತ ಬರೆದಿಡಬೇಕಾಗುತ್ತದೆ, ಅದೇ ಅವರಿಗೆ ಕಷ್ಟ. ಟ್ವೀಟಿಗೆ ಉತ್ತರ ತಡವಾದರೆ ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ.

ಸಹಾಯವಾಣಿಗೆ ಫೋನ್ ಮಾಡಿ ಕಂಬದ ಮೇಲೆ ಬರೆದಿದ್ದ ನಂಬರ್ ಹೇಳಿದೆ. (ಇದನ್ನು ಮರೆಯಬೇಡಿ. ‘ಗಣಪತಿ ಗುಡಿ ಹತ್ತಿರದ ಕಂಬ’ ಅಂದರೆ ಬೆಂಗಳೂರಿನಲ್ಲಿ ಸಾವಿರ ಕಂಬ ಸಿಗುತ್ತವೆ.) ದೂರಿನ ಸಂಖ್ಯೆ ಬಂತು. ಆಮೇಲೆ ಒಂದು ಹಾಳೆಯಲ್ಲಿ ಅರ್ಜಿ ಬರೆದು ಅಕ್ಕನ ಜೊತೆ ಆ ಬೀದಿಯ ಮನೆಮನೆಗೆ ಹೋದೆ. ಹನ್ನೆರಡು ಸಹಿ ಸಿಕ್ಕಿತು. ಐದಾರು ಮನೆಯವರು ‘ಓನರ್ ಕೇಳ್ಬೇಕಮ್ಮ’ ಅಂದರು, ಬಾಡಿಗೆಯವರ ಭಯ ಬಾಡಿಗೆಯವರಿಗೇ ಗೊತ್ತು. ಅಕ್ಕ ತಮ್ಮ ಹೆಸರನ್ನು ನಿಧಾನಕ್ಕೆ, ಅಕ್ಷರ ಅಕ್ಷರ ಕೂಡಿಸಿ ಬರೆದರು. ಈ ಬೀದಿಯವರು ಯಾರೂ ಕೇಳಿಲ್ಲ ಅಂತ ಲೈನ್‌ಮ್ಯಾನ್ ಹೇಳಿದ್ದನ್ನು ತಿಳಿಸಿದಾಗ ಅವರು ನಕ್ಕರು. ‘ಮೂರ್ ಸಲ ಹೋಗಿದ್ದೆ ಪುಟ್ಟಿ, ಮಿಣುಕು ಮಿಣುಕು ಅಂತಿತ್ತಲ್ಲ ಆವಾಗ. ಬಾಯಲ್ಲಿ ಹೇಳಿ ಬಂದೆ. ಬಾಯಲ್ಲಿ ಹೇಳಿದ್ದಕ್ಕೆ ಫೋಟೊ ಎಲ್ಲಿ?’

ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡವರು ನಮ್ಮ ಮುಖ ನೋಡಿ ಇಟ್ಟು ಹೋಗಿ ಅಂದರು. ಇನ್ನೊಂದು ಪ್ರತಿಗೆ ಸೀಲು ಬೇಕು ಅಂದೆ. ಸೀಲು ಸಾಹೇಬರ ಡ್ರಾಯರಿನಲ್ಲಿದೆ, ಸಾಹೇಬರು ಸೈಟಿಗೆ ಹೋಗಿದ್ದಾರೆ ಅಂದರು. ಕಾಯ್ತೀವಿ ಅಂದೆವು. ಅಕ್ಕನಿಗೆ ಅರ್ಧ ದಿನದ ದುಡಿಮೆ ಹೋಯಿತು, ನನಗೆ ಒಂದು ಮಾಕ್ ಟೆಸ್ಟ್ ಹೋಯಿತು. ಮೂರೂವರೆಗೆ ಸೀಲು ಬಿತ್ತು.

ದೀಪ ಬಂದಿದ್ದು ನಲವತ್ತೊಂದನೇ ದಿನ. ನಡುವೆ ಎರಡು ಸಲ ದೂರಿನ ಸಂಖ್ಯೆ ಹೇಳಿ ಫೋನ್ ಮಾಡಿದ್ದೆ, ಒಂದು ಸಲ ಅಕ್ಕನೇ ಸೀಲಿನ ಕಾಗದ ಹಿಡಿದು ಹೋಗಿ ಬಂದಿದ್ದರು. ಹಾಕಲು ಬಂದದ್ದು ಅದೇ ಲೈನ್‌ಮ್ಯಾನ್. ‘ಹೊಸದೇ ಮೇಡಂ, ಬೇಕಾದ್ರೆ ಡಬ್ಬ ನೋಡಿ’ ಅಂತ ರಟ್ಟಿನ ಡಬ್ಬ ತೋರಿಸಿದರು. ಈ ಸಲ ಫೋಟೊ ತೆಗೆಯಲು ಯಾರೂ ಬಂದಿರಲಿಲ್ಲ. ನಾನೂ ತೆಗೆಯಲಿಲ್ಲ. ಈಗ ಯೋಚಿಸಿದರೆ ತೆಗೆದು ಹಾಕಬೇಕಿತ್ತು ಅನಿಸುತ್ತದೆ.

ಆ ಸೀಲಿನ ಕಾಗದವನ್ನು ಅಕ್ಕ ಪ್ಲಾಸ್ಟಿಕ್ ಕವರಿಗೆ ಹಾಕಿ, ಇಸ್ತ್ರಿ ಮೇಜಿನ ಹಾಸಿನ ಕೆಳಗೆ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ. ಅವರ ಮಗ ಈಗ ಪಿಯುಸಿ, ಹೊಸದಾಗಿ ಫೋನ್ ತೆಗೆದುಕೊಂಡಿದ್ದಾನೆ. ಮೊನ್ನೆ ಬಟ್ಟೆ ತರಲು ಹೋದಾಗ ಅಕ್ಕ ಕೇಳಿದರು: ‘ನಮ್ ಬೀದಿ ಮೋರಿ ಕಟ್ಕೊಂಡಿದೆ ಪುಟ್ಟಿ. ಅದೇನೋ ಟ್ಯಾಗ್ ಮಾಡ್ತೀರಲ್ಲ, ಇವನಿಗೂ ಹೇಳ್ಕೊಡ್ತೀಯಾ? ಕಾಗದಾನ ನಾನು ಬರೆಸ್ತೀನಿ.’